ಟಣ್ಣಜ್ಜಿಯ ಬಕೆಟ್ಟು

ಬಕೆಟ್ಟು ಹೊಚ್ಚ ಹೊಸದು. ಅಂಗಡಿಯವನು ಅಂಟಿಸಿದ ಬೆಲೆಚೀಟಿ ಇನ್ನೂ ಅದರ ಹೊಟ್ಟೆಯ ಮೇಲೇ ಇತ್ತು. ಆದರೂ ಅದನ್ನು ಮೇಜಿನ ಮೇಲೆ ಇಡಿಸಿಕೊಳ್ಳಲು ಪುರಸಭೆಯ ಅಧ್ಯಕ್ಷನಿಗೆ ಮನಸ್ಸು ಬರಲಿಲ್ಲ.

"ಅಲ್ಲಿ, ಬಾಗಿಲ ಹತ್ರ ಇಡಯ್ಯ" ಎಂದ.

ಗುಮಾಸ್ತ ಅದನ್ನು ತಂದು ಟಣ್ಣಜ್ಜಿಯ ಕಾಲ ಬುಡದಲ್ಲಿ ಇಟ್ಟ. ಇಟ್ಟವನೇ ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಖಾಲಿ ಬಕೆಟ್ಟು, ಇನ್ನೂ ಒಂದು ಹನಿ ನೀರು ಕಾಣದ ಬಕೆಟ್ಟು. ಟಣ್ಣಜ್ಜಿ ನಿಂತಲ್ಲೇ ನಿಂತು ಇದನ್ನು ನೋಡಿದಳು. ಅವಳಿಗೆ ಕೂತ್ಕೋ ಎಂದು ಯಾರೂ ಹೇಳಿರಲಿಲ್ಲ. ಕುರ್ಚಿಗಳೇನೋ ಸಾಲಾಗಿ ಖಾಲಿ ಬಿದ್ದಿದ್ದವು.

ಅವಳಿಗೂ ಹೆತ್ತವರು ಇಟ್ಟ ಹೆಸರಿತ್ತು. ಬಡಾವಣೆಗೆ ಅದು ಬೇಕಾಗಿರಲಿಲ್ಲ. ಮನೆಮನೆಯ ಹಿತ್ತಲಲ್ಲಿ ತಗಡಿನ ಡಬ್ಬದ ಕಕ್ಕಸುಗಳಿದ್ದ ಕಾಲದಲ್ಲಿ ಡಬ್ಬ ಎಳೆದು, ಬಕೆಟ್ಟಿಗೆ ಸುರಿದುಕೊಂಡು, ತಲೆಯ ಮೇಲೆ ಹೊತ್ತು ಬೀದಿ ದಾಟುತ್ತಿದ್ದವಳು ಅವಳು. ದಾಟುವಾಗ ಕೋಲಿನಿಂದ ಬಕೆಟ್ಟಿಗೆ ಟಣ್ ಟಣ್ ಎಂದು ಬಡಿಯಬೇಕು. ಸದ್ದು ಕೇಳಿದ ಜನ ಒಳಗೆ ಹೋಗಿ ಕಿಟಕಿ ಹಾಕಿಕೊಳ್ಳುತ್ತಿದ್ದರು. ಬಡಿಯದೆ ಬಂದರೆ ಆ ದಿನದ ಕೂಲಿ ಇಲ್ಲ. ಹೊಸದಾಗಿ ಹುಟ್ಟಿದ ಪುರಸಭೆ ಕುಡಿಯುವ ನೀರಿಗೆ, ಬೀದಿ ದೀಪಕ್ಕೆ ನಿಯಮ ಮಾಡುವ ಮುಂಚೆ ಮಾಡಿದ ನಿಯಮ ಇದು. ಹಾಗೆ ಅವಳು ಟಣ್ಣಿಯಾದಳು, ಟಣ್ಣಕ್ಕನಾದಳು, ಕೂದಲು ಹಣ್ಣಾದ ಮೇಲೆ ಟಣ್ಣಜ್ಜಿಯಾದಳು. ಹೇಲು ಅವಳ ತಲೆಯಿಂದ ಇಳಿದು ಪೈಪಿಗೆ ಬಿದ್ದು ಎಷ್ಟೋ ವರ್ಷವಾಯಿತು. ಹೆಸರು ಮಾತ್ರ ಇಳಿಯಲಿಲ್ಲ.

ಅಧ್ಯಕ್ಷನ ಪಕ್ಕದ ಕುರ್ಚಿಯಲ್ಲಿ ಇತಿಹಾಸದ ಮೇಷ್ಟ್ರು ಕೂತಿದ್ದರು. ನಿವೃತ್ತರಾದ ಮೇಲೆ ಬಡಾವಣೆಯ ಇತಿಹಾಸ ಬರೆಯುವ ಕೆಲಸ ಅವರ ಪಾಲಿಗೆ ಬಂದಿತ್ತು. ಅವರೇ ಗಂಟಲು ಸರಿ ಮಾಡಿಕೊಂಡು ಶುರು ಮಾಡಿದರು.

"ಅಜ್ಜಿ, ನಮ್ಮ ಬಡಾವಣೆಗೆ ಈ ವರ್ಷ ಐವತ್ತು ತುಂಬುತ್ತೆ. ಇತಿಹಾಸದ ಮೆರವಣಿಗೆ ಮಾಡ್ತಿದೀವಿ. ಮೊದಲನೇ ಗಾಡೀಲಿ ಬರಡು ಬಯಲು. ಏನೂ ಇಲ್ಲದ ಬಯಲು. ಎರಡನೇದ್ರಲ್ಲಿ ಮೊದಲು ಮನೆ ಕಟ್ಟಿದ ದಂಪತಿ. ಆಮೇಲೆ ಮೊದಲ ಪುರಸಭೆ. ಅದರ ಹಿಂದೆ ನೀವು, ಈ ಬಕೆಟ್ ಹೊತ್ಕೊಂಡು, ಬಡೀತಾ."

"ಬಯಲಲ್ಲಿ ನಾವಿದ್ವಲ್ಲ ಮೇಷ್ಟ್ರೇ" ಎಂದಳು ಅಜ್ಜಿ.

"ಇದ್ರಿ, ಇಲ್ಲ ಅಂತಲ್ಲ. ಆದ್ರೆ ಜನವಸತಿ ಅನ್ನೋ ಹಾಗೆ ಏನೂ ಇರಲಿಲ್ಲ, ನೋಡಿ."

ಬಡಾವಣೆ ಹುಟ್ಟುವುದಕ್ಕೆ ಮೊದಲು ದೊಡ್ಡ ಊರಿನ ಹೇಲನ್ನೆಲ್ಲ ಗಾಡಿಗಳಲ್ಲಿ ತಂದು ಸುರಿಯುತ್ತಿದ್ದದ್ದು ಇದೇ ಬಯಲಿಗೆ. ಸುರಿಯುವವರು ಇಲ್ಲೇ ತಗಡಿನ ಮನೆ ಹಾಕಿಕೊಂಡಿದ್ದರು. ಟಣ್ಣಜ್ಜಿ ಮದುವೆಯಾಗಿ ಬಂದದ್ದು ಅಂಥ ಒಂದು ಮನೆಗೆ. ಅವಳ ಮಾವ, ಗಂಡ, ಅವಳು, ಎಲ್ಲರೂ ಸುರಿದ ದೊಡ್ಡ ಹೊಂಡವೊಂದಿತ್ತು. ಅದಕ್ಕೆ ಮಣ್ಣು ತುಂಬಿಸಿ, ಮೇಲೆ ಕಟ್ಟಿದ್ದೇ ಈ ಪುರಸಭೆ ಕಟ್ಟಡ. ಜಾಗ ಅಗ್ಗಕ್ಕೆ ಸಿಕ್ಕಿತ್ತು. ಬಡಾವಣೆಯ ಹೂತೋಟಗಳಲ್ಲಿ ಗಿಡಗಳು ಅಷ್ಟು ಸೊಂಪಾಗಿ ಬೆಳೆಯುವುದಕ್ಕೂ ಮೇಷ್ಟ್ರ ಇತಿಹಾಸದಲ್ಲಿ ಕಾರಣ ಬರೆದಿರಲಿಲ್ಲ.

"ಗಾಡಿ ಹಿಂದೆ ಅಂದ್ರೆ, ನಾನು ನಡ್ಕೊಂಡಾ?"

"ಆಗ ನಡ್ಕೊಂಡೇ ತಾನೆ ಹೋಗ್ತಿದ್ದಿದ್ದು. ಸಹಜವಾಗಿರ್ಬೇಕು ಅಜ್ಜಿ. ಕೊನೇಲಿ ವೇದಿಕೆ ಮೇಲೆ ಅಧ್ಯಕ್ಷರು ತಮ್ಮ ಎರಡೂ ಕೈಯಿಂದ ನಿಮ್ಮ ಬಕೆಟ್ ಇಳಿಸ್ತಾರೆ. ಎಲ್ಲರ ಕಣ್ಣಲ್ಲೂ ನೀರು ಬರ್ಬೇಕು."

ಅಜ್ಜಿ ಅಧ್ಯಕ್ಷನ ಮುಖ ನೋಡಿದಳು. ಅವಳಿಗೆ ಬೇಕಿದ್ದದ್ದು ಬೇರೆ.

"ಪಂಪಿನ ಕಥೆ ಏನಾಯ್ತು ಸ್ವಾಮಿ?"

ಬಡಾವಣೆಯ ಅಷ್ಟೂ ಮನೆಗಳ ಹೇಲು ನೀರು ಬಂದು ಬೀಳುವುದು ಪಂಪುಮನೆಯ ಬಾವಿಗೆ. ಅಲ್ಲಿಂದ ಪಂಪು ಅದನ್ನು ಎತ್ತಿ ದೂರಕ್ಕೆ ತಳ್ಳುತ್ತದೆ. ಇದ್ದ ಎರಡು ಪಂಪಿನಲ್ಲಿ ಒಂದು ಸತ್ತು ತುಕ್ಕು ಹಿಡಿದಿದೆ. ಇನ್ನೊಂದು ಮನಸ್ಸು ಬಂದಾಗ ಓಡುತ್ತದೆ. ನಿಂತಿತೆಂದರೆ ಬಾವಿ ತುಂಬುತ್ತದೆ. ಹೆಚ್ಚಾದದ್ದು ಹೊರಗೆ ಹೋಗಲಿ ಎಂದು ಬಾವಿಯ ಮೇಲ್ಭಾಗದಲ್ಲಿ ಒಂದು ದಪ್ಪ ಪೈಪು ಇಟ್ಟಿದ್ದಾರೆ. ಅದರ ಇನ್ನೊಂದು ಬಾಯಿ ತೆರೆದುಕೊಳ್ಳುವುದು ಪಂಪುಮನೆಯ ಗೋಡೆಯಾಚೆ, ಟಣ್ಣಜ್ಜಿಯವರ ಮನೆಸಾಲಿನ ಓಣಿಗೆ. ಬಡಾವಣೆ ಬೆಳಗ್ಗೆ ಬಿಟ್ಟದ್ದು ಮಧ್ಯಾಹ್ನದ ಹೊತ್ತಿಗೆ ಅವರ ಹೊಸಿಲು ದಾಟುತ್ತದೆ.

"ಎಷ್ಟು ಸಲ ಹೇಳೋದಮ್ಮ ನಿನಗೆ? ನಿಮ್ಮ ಸಾಲು ಯಾವ ವಾರ್ಡಿಗೂ ಸೇರಿಲ್ಲ. ವಾರ್ಡಿನ ಗಡಿ ಪಂಪುಮನೆ ಗೋಡೆಗೆ ಮುಗೀತು. ಬಾವಿ ನಮ್ದು. ಗೋಡೆಯಾಚೆ ನಮ್ದಲ್ಲ."

"ಹೇಲು ಯಾರ್ದು ಸ್ವಾಮಿ?"

ಗುಮಾಸ್ತನಿಗೆ ನಗು ಬಂದು, ಅದನ್ನು ಕೆಮ್ಮು ಮಾಡಿಕೊಂಡ. ಅಧ್ಯಕ್ಷನ ಮೂಗಿನ ಹೊಳ್ಳೆ ಅಗಲವಾಯಿತು. ಆದರೆ ಮೆರವಣಿಗೆ ಹತ್ತಿರ ಬಂದಿತ್ತು, ಅಜ್ಜಿ ಬೇಕಾಗಿದ್ದಳು. ಆ ಕಾಲದಲ್ಲಿ ಬಕೆಟ್ಟು ಹೊತ್ತವರಲ್ಲಿ ಉಳಿದವಳು ಅವಳೊಬ್ಬಳೇ.

"ಆಯ್ತು. ನೀನು ಬಾ. ಬಕೆಟ್ ಇಳಿಸಿದ ತಕ್ಷಣ ಅದೇ ಮೈಕಲ್ಲಿ, ಎಲ್ಲರ ಮುಂದೆ, ಹೊಸ ಪಂಪು ಅಂತ ಹೇಳ್ತೀನಿ. ಸರಿನಾ?"

ಮನೆಗೆ ಬಂದಾಗ ಸೊಸೆ ನೆಲ ತೊಳೆಯುತ್ತಿದ್ದಳು. ಬೆಳಗ್ಗೆ ಪಂಪು ನಿಂತಿತ್ತು. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕಂದು ಗೆರೆ, ಅದರ ಕೆಳಗೆ ಹಳೆಯ ಗೆರೆಗಳು. ಸುಣ್ಣ ಬಳಿದಷ್ಟೂ ಗೆರೆಗಳು ಮೇಲೆದ್ದು ಬರುತ್ತಿದ್ದವು. ಸೊಸೆ ಪೊರಕೆಯಿಂದ ತಳ್ಳುತ್ತಿದ್ದಳು, ಉಸಿರು ಬಿಗಿಹಿಡಿದು ತಳ್ಳುತ್ತಿದ್ದಳು, ಬಾಗಿಲಾಚೆ ಹೋಗಿ ಉಸಿರು ಬಿಟ್ಟು ಮತ್ತೆ ಬರುತ್ತಿದ್ದಳು. ಯಾರದೋ ಮನೆಯ ಮಗುವಿನ ಚಡ್ಡಿ, ಯಾರದೋ ಬಾಯಿಂದ ಬಿದ್ದ ಹಲ್ಲಿನ ಸೆಟ್ಟು, ಕೂದಲಿನ ಉಂಡೆಗಳು, ರಕ್ತದ ಬಟ್ಟೆ, ಎಲ್ಲ ಅವರ ಒಲೆಯ ಪಕ್ಕಕ್ಕೆ ಬಂದು ನಿಂತಿದ್ದವು. ಬಡಾವಣೆಯ ಜನ ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತಾರೆ. ಅವರ ಹೊಟ್ಟೆಯಲ್ಲಿದ್ದದ್ದೆಲ್ಲ ಇವರಿಗೆ ಗೊತ್ತು.

ಮೊಮ್ಮಗಳು ಮಂಚದ ಮೇಲಿದ್ದಳು. ಮಗು ಅಂಬೆಗಾಲಿಕ್ಕುವ ವಯಸ್ಸಿಗೆ ಬಂದಿತ್ತು. ಬೀಳದಿರಲಿ ಎಂದು ಅದರ ಸೊಂಟಕ್ಕೆ ಹಳೆಯ ಬಟ್ಟೆ ಸುತ್ತಿ ಮಂಚದ ಕಾಲಿಗೆ ಕಟ್ಟಿದ್ದರು. ಅದು ಅಂಚಿನವರೆಗೆ ಬರುವುದು, ಬಟ್ಟೆ ಎಳೆದಾಗ ನಿಲ್ಲುವುದು, ನೆಲದ ಕಡೆ ಕೈ ಚಾಚಿ ಕಿರುಚುವುದು. ಹುಟ್ಟಿದಾಗಿನಿಂದ ಒಂದು ಸಲವೂ ಅದರ ಅಂಗೈ ನೆಲ ಮುಟ್ಟಿರಲಿಲ್ಲ. ಮುಟ್ಟಲು ಬಿಟ್ಟ ಪಕ್ಕದ ಮನೆಯ ಮಗು ವಾಂತಿಭೇದಿಯಾಗಿ ಸತ್ತಿತ್ತು.

ಮಗ ಪಂಪುಮನೆಯಲ್ಲೇ ಕೆಲಸಕ್ಕಿದ್ದ. ವಿಷಯ ಕೇಳಿ ಕಿಡಿಕಿಡಿಯಾದ.

"ಬೇಡಮ್ಮ. ಅವರಿಗೆ ತಮಾಷೆ ಬೇಕಾಗಿದೆ. ನೀನು ಯಾಕೆ ಹೋಗಿ ಕುಣೀತೀಯ?"

"ಪಂಪು ಕೊಡ್ತೀನಿ ಅಂದಿದಾನೆ ಕಣೋ."

"ಅಪ್ಪಂಗೆ ಏನು ಮಾಡಿದ್ರು, ಮರೆತುಹೋಯ್ತಾ?"

ಮರೆಯುವುದುಂಟೇ? ಬಹಳ ಹಿಂದೆ ಒಮ್ಮೆ, ಪಂಪುಮನೆಯ ಕೆಲಸದಲ್ಲಿದ್ದ ಅವಳ ಗಂಡ ರೋಸಿಹೋಗಿ ಬಾವಿಯೊಳಗೆ ಆ ಪೈಪಿನ ಬಾಯಿಗೆ ಮರಳಿನ ಮೂಟೆ ತುರುಕಿದ್ದ. ಆ ದಿನ ಅವರ ಸಾಲಿಗೆ ಒಂದು ತೊಟ್ಟೂ ಬರಲಿಲ್ಲ. ಬಂದದ್ದು ಪುರಸಭೆಯ ಅಂಗಳಕ್ಕೆ. ಹಳೆಯ ಹೊಂಡದ ಜಾಗ, ಬಡಾವಣೆಯಲ್ಲೇ ತಗ್ಗು. ಕಕ್ಕಸಿನಿಂದ ಮೇಲೆದ್ದು ಸಭಾಂಗಣಕ್ಕೆ ಹರಿದಿತ್ತು. ಅಂದಿನ ಅಧ್ಯಕ್ಷ ಅವನನ್ನು ಕರೆಸಿ, ತುಂಬಿದ ಬಾವಿಗೆ ಇಳಿಸಿ, ಕುತ್ತಿಗೆಯವರೆಗೆ ನಿಲ್ಲಿಸಿ, ಬರಿಗೈಯಲ್ಲಿ ಆ ಮೂಟೆ ತೆಗೆಸಿದ್ದ. ಮೇಲೆ ಬಂದ ಮೇಲೆ ಕೆಲಸದಿಂದ ತೆಗೆದ. ಗಂಡನ ಕೈಗಳು ಹುಣ್ಣಾದವು. ಹುಣ್ಣು ತೋಳಿಗೆ ಏರಿತು. ಅವನು ಸಾಯುವವರೆಗೂ ಅನ್ನಕ್ಕೆ ಕೈ ಹಾಕಲು ಅಸಹ್ಯಪಟ್ಟ. ಟಣ್ಣಜ್ಜಿಯೇ ಬಾಯಿಗಿಡುತ್ತಿದ್ದಳು.

"ಮರೆತಿಲ್ಲ" ಎಂದಳು. "ಆದ್ರೆ ಈ ಕೂಸನ್ನ ಇನ್ನೆಷ್ಟು ದಿನ ಕಟ್ಟಿಹಾಕೋದು?"

ಸೊಸೆ ಪೊರಕೆ ನಿಲ್ಲಿಸಿ ಅತ್ತೆಯನ್ನು ನೋಡಿದಳು. "ಹೋಗ್ಬನ್ನಿ ಅತ್ತೆ" ಎಂದಳು. ಮಗ ಬೆನ್ನು ತಿರುಗಿಸಿ ಹೊರಟುಹೋದ.

ಮೆರವಣಿಗೆಯ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಮುಂದೆ ವಾದ್ಯದವರು. ಆಮೇಲೆ ಕಾಗದದ ಕಳ್ಳಿಗಿಡ ನೆಟ್ಟ ಬರಡು ಬಯಲಿನ ಗಾಡಿ. ಆಮೇಲೆ ಮೊದಲ ಮನೆಯವರು, ಮೊದಲ ಪುರಸಭೆಯವರು, ನೆರಳಿಗೆ ಬಟ್ಟೆ ಕಟ್ಟಿಸಿಕೊಂಡ ಗಾಡಿಗಳಲ್ಲಿ. ಎಲ್ಲರ ಹಿಂದೆ, ಬರಿಗಾಲಲ್ಲಿ, ಟಣ್ಣಜ್ಜಿ. ಚಪ್ಪಲಿ ಬಿಡಿಸಿದವರು ಮೇಷ್ಟ್ರು. ಆಗ ಚಪ್ಪಲಿ ಇರಲಿಲ್ಲವಲ್ಲ, ಸಹಜವಾಗಿರಬೇಕು.

ಮೊದಲ ಏಟು ಹಾಕುವಾಗ ಅವಳ ಕೈ ಹಿಂಜರಿಯಿತು. ಆಮೇಲೆ ಅದರಷ್ಟಕ್ಕೇ ಬಡಿಯತೊಡಗಿತು. ಟಣ್. ಟಣ್. ಟಣ್. ಕುತ್ತಿಗೆ ತಾನೇ ನೆಟ್ಟಗಾಯಿತು. ಹಿಂದೆ ಬಕೆಟ್ಟಿನ ತಳ ಸೋರಿ ಕಿವಿಯ ಹಿಂದಿನಿಂದ ಬೆನ್ನಿಗೆ ಇಳಿಯುತ್ತಿತ್ತು. ಇಂದು ಅದೇ ದಾರಿಯಲ್ಲಿ ಬೆವರು ಇಳಿಯಿತು. ಅವಳು ಬೆರಳಲ್ಲಿ ಒರೆಸಿ, ಅಭ್ಯಾಸ ಬಿಡದೆ ಮೂಸಿ ನೋಡಿದಳು. ಬೆವರೇ. ಆದರೂ ಬೆರಳನ್ನು ಸೀರೆಗೆ ಒರೆಸಿಕೊಂಡಳು.

ಆಗ ಅವಳು ಅದನ್ನು ಕಂಡಳು. ಬೀದಿಯ ಇಕ್ಕೆಲದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಹಳೆಯ ಮನೆಗಳ ಮುದುಕರು, ಮುದುಕಿಯರು. ಸದ್ದು ಹತ್ತಿರ ಬಂದದ್ದೇ ತಡ, ಒಬ್ಬಾಕೆ ಕರವಸ್ತ್ರ ಮೂಗಿಗೆ ಒತ್ತಿಕೊಂಡಳು. ಪಕ್ಕದವನು ತೋಳಿನಿಂದ ಮೂಗು ಮುಚ್ಚಿದ. ಇನ್ನೊಬ್ಬಾತ ಕುರ್ಚಿಯನ್ನೇ ಹಿಂದಕ್ಕೆ ಎಳೆದುಕೊಂಡ. ಯಾರೂ ಬೇಕೆಂದು ಮಾಡಲಿಲ್ಲ. ಕೈಗಳು ತಾವೇ ಎದ್ದವು. ಅವರನ್ನು ನೋಡಿ ಮಕ್ಕಳೂ ಮೂಗು ಹಿಡಿದುಕೊಂಡರು. ಆ ಮಕ್ಕಳಿಗೆ ಡಬ್ಬದ ಕಕ್ಕಸೆಂದರೆ ಏನೆಂದೇ ಗೊತ್ತಿರಲಿಲ್ಲ. ಹೊಸ ತಗಡಿನ ಬಕೆಟ್ಟು, ಮೇಲೆ ಬೆಲೆಚೀಟಿ. ಇಡೀ ಬೀದಿ ಮೂಗು ಮುಚ್ಚಿಕೊಂಡಿತ್ತು.

ಥೂ, ಎಂದುಕೊಂಡಳು ಟಣ್ಣಜ್ಜಿ. ಇಷ್ಟು ವರ್ಷ ಹೇಲಿಗೆ ಮೂಗು ಮುಚ್ಚುತ್ತಾರೆ ಎಂದುಕೊಂಡಿದ್ದೆನಲ್ಲ.

ಕೂಗಬೇಕೆನಿಸಿತು. ಮಂಚಕ್ಕೆ ಕಟ್ಟಿದ ಮಗು ಕಣ್ಣೆದುರು ಬಂತು. ಬಡಿಯುತ್ತಲೇ ನಡೆದಳು.

ವೇದಿಕೆ ಪುರಸಭೆಯ ಅಂಗಳದಲ್ಲಿತ್ತು. ಮೆಟ್ಟಿಲು ಹತ್ತಿ ನಿಂತಳು. ಮೇಷ್ಟ್ರು ಮೈಕಿನಲ್ಲಿ ನಡುಗುವ ದನಿಯಲ್ಲಿ ಹೇಳಿದರು, "ಇದೋ, ಮಾನ್ಯ ಅಧ್ಯಕ್ಷರು ಈ ತಾಯಿಯ ತಲೆಯ ಭಾರವನ್ನು ತಮ್ಮ ಕೈಯಾರೆ ಇಳಿಸುತ್ತಿದ್ದಾರೆ."

ಅಧ್ಯಕ್ಷ ಎದ್ದ. ನಗುತ್ತಾ ಬಂದ. ಎರಡೂ ಕೈ ಮುಂದೆ ಚಾಚಿದ. ಬಕೆಟ್ಟು ಇನ್ನೇನು ಒಂದು ಗೇಣು ಇದೆ ಎನ್ನುವಾಗ ಕೈಗಳು ನಿಂತವು. ಅವನ ಮೂಗು ಸುಕ್ಕುಗಟ್ಟಿದ್ದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಕೈ ಹಿಂದಕ್ಕೆ ಹೋಯಿತು. "ತಗೊಳಯ್ಯ" ಎಂದು ಗುಮಾಸ್ತನಿಗೆ ಸನ್ನೆ ಮಾಡಿದ. ಗುಮಾಸ್ತ ವೇದಿಕೆಯ ಕೆಳಗೆ ಪೊರಕೆ ಹಿಡಿದು ನಿಂತಿದ್ದವಳಿಗೆ, "ಏಯ್, ಬಾ ಇಲ್ಲಿ, ಇಳಿಸು" ಎಂದ. ಅವಳು ಅಜ್ಜಿಯ ಪಕ್ಕದ ಮನೆಯವಳು, ಕಸ ಗುಡಿಸುವವಳು. ಮಗು ಕಳೆದುಕೊಂಡವಳು.

"ನೀನು ಮುಟ್ಬೇಡ" ಎಂದಳು ಅಜ್ಜಿ ಅವಳಿಗೆ.

ಆಮೇಲೆ ಅಧ್ಯಕ್ಷನ ಕಡೆ ತಿರುಗಿದಳು. "ಸ್ವಾಮಿ, ಖಾಲಿ ಇದೆ." ಮೈಕು ಹತ್ತಿರವಿತ್ತು. ಮಾತು ಅಂಗಳಕ್ಕೆಲ್ಲ ಕೇಳಿತು. "ಹೊಸದು. ನಿಮ್ಮ ಗುಮಾಸ್ತನೇ ತಂದಿದ್ದು. ತಗೊಳ್ಳಿ."

ಅಧ್ಯಕ್ಷನ ನಗು ಮುಖದ ಮೇಲೆ ಅಂಟಿಕೊಂಡೇ ಇತ್ತು. "ಹೊತ್ತಾಯ್ತಜ್ಜಿ. ಅಲ್ಲಿ ಇಡು."

"ಇಳಿಸ್ತೀನಿ ಅಂದಿದ್ರಿ. ಇಳಿಸಿ. ಪಂಪಿನ ಮಾತು ಹೇಳ್ತೀನಿ ಅಂದಿದ್ರಿ. ಹೇಳಿ."

ಅಧ್ಯಕ್ಷ ಮೈಕಿನ ಕಡೆಗೆ ನಡೆದ. ಹೊಲಸು ಹೊರುವ ಪಿಡುಗು ನಮ್ಮ ಬಡಾವಣೆಯಲ್ಲಿ ಇಂದು ಬರೀ ಇತಿಹಾಸ ಎಂದ. ನಮ್ಮಲ್ಲಿ ಮೇಲು ಕೀಳು ಇಲ್ಲ ಎಂದ. ಜನ ಚಪ್ಪಾಳೆ ತಟ್ಟಿದರು. ವಾದ್ಯ ಶುರುವಾಯಿತು. ಪಂಪು ಎಂಬ ಮಾತು ಅವನ ಬಾಯಿಂದ ಬರಲಿಲ್ಲ.

ಟಣ್ಣಜ್ಜಿ ತಾನೇ ಬಕೆಟ್ಟು ಇಳಿಸಿದಳು. ತೋಳಿಗೆ ಹಾಕಿಕೊಂಡು ಮೆಟ್ಟಿಲು ಇಳಿದಳು. ಗುಮಾಸ್ತ ಹಿಂದೆಯೇ ಓಡಿ ಬಂದ.

"ಅಜ್ಜಿ, ಎಲ್ಲಿಗೆ? ಅದನ್ನ ಗಾಜಿನ ಪೆಟ್ಟಿಗೇಲಿ ಇಡ್ಬೇಕು. ಅದು ಪುರಸಭೆ ಆಸ್ತಿ!"

ಅವಳು ನಿಂತು ಬಕೆಟ್ಟನ್ನು ಅವನ ಮುಂದೆ ಹಿಡಿದಳು. "ತಗೋ."

ಅವನು ಅತ್ತಿತ್ತ ನೋಡಿದ. ಕೈ ಚಾಚಲಿಲ್ಲ. ಅವಳು ಮನೆಗೆ ಹೊರಟಳು.

ಮನೆಗೆ ಸುದ್ದಿ ಆಗಲೇ ಮುಟ್ಟಿತ್ತು. ಪಕ್ಕದ ಮನೆಯವಳು ಅವಳಿಗಿಂತ ಮುಂಚೆ ಓಡಿ ಬಂದು ಎಲ್ಲ ಹೇಳಿದ್ದಳು. ಅಜ್ಜಿ ಬಕೆಟ್ಟನ್ನು ಮಗನ ಮುಂದೆ ಇಟ್ಟಳು. ಅದರ ಬಾಯಿ ಅಗಲ, ತಳ ಕಿರಿದು. ಅವಳು ಬಕೆಟ್ಟನ್ನೂ ನೋಡಿದಳು, ಮಗನನ್ನೂ ನೋಡಿದಳು.

"ಮರಳಿನ ಮೂಟೆ ಮೆತ್ತಗಿತ್ತು" ಎಂದಳು. "ಅದಕ್ಕೇ ನಿಮ್ಮಪ್ಪನ ಕೈಗೆ ಬಂತು."

ಮಗನಿಗೆ ಅರ್ಥವಾಯಿತು. "ನನ್ನ ಕೆಲಸ ಹೋಗುತ್ತಮ್ಮ."

"ಹೋಗ್ಲಿ ಬಿಡ್ರಿ" ಎಂದಳು ಸೊಸೆ. "ಆ ಬಾವಿ ಹತ್ರ ಇನ್ಯಾವನು ಬರ್ತಾನೆ ಕೆಲಸಕ್ಕೆ? ಬರ್ಲಿ ನೋಡೋಣ."

ಐವತ್ತು ವರ್ಷದ ನೆನಪಿಗೆಂದು ಪುರಸಭೆ ಕಟ್ಟಿಸಿದ ಕಂಬದ ಕೆಲಸ ಮುಗಿದು, ಉಳಿದ ಸಿಮೆಂಟಿನ ಚೀಲ, ಜಲ್ಲಿಯನ್ನೆಲ್ಲ ಪಂಪುಮನೆಯ ಗೋಡೆಯಾಚೆ ಎಸೆದಿದ್ದರು. ಬೇಡವಾದದ್ದನ್ನು ಎಸೆಯುವುದು ಅಲ್ಲಿಗೇ. ಸೊಸೆ ಮತ್ತು ಪಕ್ಕದ ಮನೆಯವಳು ಸೇರಿ ಅದನ್ನು ಕಲಸಿದರು. ಬಕೆಟ್ಟಿನ ಕಂಠದವರೆಗೆ ತುಂಬಿದರು. ಅಜ್ಜಿ ಅಂಗೈಯಲ್ಲಿ ತಟ್ಟಿ ತಟ್ಟಿ ನಯ ಮಾಡಿದಳು. ಒಣಗಿ ಕಲ್ಲಾಗಲು ಬಿಟ್ಟರು.

ಕಲ್ಲಾದ ಮೇಲೆ, ಪಂಪು ಓಡುತ್ತಿದ್ದ ಒಂದು ಹಗಲು, ಬಾವಿಯ ನೀರು ಇಳಿದು ಪೈಪಿನ ಬಾಯಿ ಮೇಲೆ ಕಾಣುತ್ತಿದ್ದ ಹೊತ್ತಿನಲ್ಲಿ, ಮಗ ಸಾಲಿನ ಗಂಡಸರನ್ನು ಕರೆದ. ಹಗ್ಗ ಕಟ್ಟಿ ಇಳಿಬಿಟ್ಟರು. ಅವನು ಬಾವಿಯ ಕಬ್ಬಿಣದ ಮೆಟ್ಟಿಲ ಮೇಲೆ ಕಾಲೂರಿ, ಬಕೆಟ್ಟಿನ ತಳವನ್ನು ಒಳಗಿನಿಂದ ಪೈಪಿಗೆ ತೂರಿಸಿ ಸುತ್ತಿಗೆಯಿಂದ ಜಡಿದ. ಟಣ್. ಟಣ್. ಟಣ್. ಸದ್ದು ಓಣಿಯಲ್ಲೆಲ್ಲ ಕೇಳಿತು. ಈ ಸಲ ಯಾರೂ ಒಳಗೆ ಹೋಗಲಿಲ್ಲ. ಒಳಗಿದ್ದವರೂ ಹೊರಗೆ ಬಂದರು.

ಪಂಪು ಎಂದಿನಂತೆ ಕೆಟ್ಟಿತು. ಕಾದದ್ದು ಸ್ವಲ್ಪವೇ ದಿನ. ಮಗ ಎಂದಿನಂತೆ ಪುರಸಭೆಗೆ ಹೋಗಿ ಹೇಳಿದ. ಎಂದಿನಂತೆ ನಾಳೆ ನೋಡೋಣ ಎಂದರು. ಓಣಿ ಒಣಗಿಯೇ ಇತ್ತು. ಸಾಲಿನ ಹೆಂಗಸರು ಹೊಸಿಲ ಮೇಲೆ ಕೂತು ಓಣಿಯನ್ನೇ ನೋಡುತ್ತಿದ್ದರು. ನಂಬಿಕೆ ಬರಲಿಲ್ಲ. ಮಧ್ಯಾಹ್ನವಾಯಿತು. ಕಸ ಗುಡಿಸಲು ಪುರಸಭೆಗೆ ಹೋಗಿದ್ದ ಪಕ್ಕದ ಮನೆಯವಳು ಏದುಸಿರು ಬಿಡುತ್ತಾ ಬಂದಳು. ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡಳು.

"ಅಜ್ಜಿ, ಸಭೆ ನಡೀತಿತ್ತು. ಕಕ್ಕಸಿನ ಬಾಗಿಲ ಕೆಳಗಿಂದ ಬಂತು ನೋಡಿ! ಒಬ್ಬೊಬ್ರೂ ಕುರ್ಚಿ ಹತ್ತಿ ನಿಂತಿದಾರೆ. ಗಾಜಿನ ಪೆಟ್ಟಿಗೆ ಸುತ್ತ ಅದೇ. ಮೇಷ್ಟ್ರ ಪುಸ್ತಕದ ಕಟ್ಟುಗಳೆಲ್ಲ ತೇಲ್ತಾ ಇವೆ. ನನ್ನ ಕರೆದ್ರು, ತಳ್ಳು ಬಾ ಅಂತ. ಪೊರಕೆ ಅಲ್ಲೇ ಬಿಸಾಕಿ ಬಂದೆ."

ಅವಳ ನಗು ನಿಲ್ಲಲಿಲ್ಲ. ನಗುತ್ತಾ ನಗುತ್ತಾ ಅಳತೊಡಗಿದಳು. ಅಜ್ಜಿ ಅವಳನ್ನು ಒಳಗೆ ಕರೆದು ಕೂರಿಸಿದಳು.

ಸಂಜೆಯಾಗುವ ಮುಂಚೆಯೇ ಅವರು ಬಂದರು. ಅಧ್ಯಕ್ಷ, ಮೇಷ್ಟ್ರು, ಗುಮಾಸ್ತ. ಬಡಾವಣೆ ಹುಟ್ಟಿದಾಗಿನಿಂದ ಯಾವ ಅಧ್ಯಕ್ಷನೂ ಆ ಓಣಿಗೆ ಕಾಲಿಟ್ಟಿರಲಿಲ್ಲ. ಮೂವರೂ ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದರು. ಓಣಿಯಲ್ಲಿ ವಾಸನೆ ಇರಲಿಲ್ಲ. ವಾಸನೆ ಅವರ ಬೂಟಿನಲ್ಲಿತ್ತು.

ಟಣ್ಣಜ್ಜಿ ಹೊಸಿಲ ಮೇಲೆ ಕೂತಿದ್ದಳು. ಏಳಲಿಲ್ಲ. ಮಗ, ಸೊಸೆ ಅವಳ ಹಿಂದೆ ನಿಂತರು. ಅಕ್ಕಪಕ್ಕದ ಹೊಸಿಲುಗಳಲ್ಲೂ ಜನ ಎದ್ದು ನಿಂತರು.

"ಯಾರು ಮಾಡಿದ್ದು ಇದು?" ಅಧ್ಯಕ್ಷ ಅರಚಿದ. "ಏಯ್ ಪಂಪಿನವನೇ, ಇಳಿ ಬಾವಿಗೆ! ಕಿತ್ತು ತೆಗಿ ಅದನ್ನ! ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ."

"ನಾಳೆಯಿಂದ ಯಾಕೆ? ಈಗಿಂದಲೇ ಬರಲ್ಲ" ಎಂದ ಮಗ. ಸೊಂಟದಲ್ಲಿದ್ದ ಪಂಪುಮನೆಯ ಬೀಗದಕೈ ಬಿಚ್ಚಿ ನೆಲದ ಮೇಲಿಟ್ಟ. ಅದನ್ನು ಎತ್ತಿಕೊಳ್ಳಲು ಯಾರೂ ಬಗ್ಗಲಿಲ್ಲ.

ಮೇಷ್ಟ್ರು ಕರವಸ್ತ್ರದೊಳಗಿನಿಂದ ಮೆತ್ತಗೆ ಹೇಳಿದರು, "ಅಜ್ಜಿ, ನೀವಾದ್ರೂ ಹೇಳಿ ಅವನಿಗೆ. ಇಡೀ ಬಡಾವಣೆಗೆ ರೋಗ ಬರುತ್ತೆ. ಮಕ್ಕಳು ಮರಿ ಇದಾವೆ."

"ಇಲ್ಲೂ ಇದಾವೆ ಮೇಷ್ಟ್ರೇ" ಎಂದಳು ಅಜ್ಜಿ. ಸೊಸೆಯ ಕಡೆ ತಿರುಗಿದಳು. "ಬಿಚ್ಚು."

ಸೊಸೆ ಒಳಗೆ ಹೋಗಿ ಮಂಚದ ಕಾಲಿನ ಗಂಟು ಬಿಚ್ಚಿದಳು. ಮಗುವನ್ನು ಎತ್ತಿ ನೆಲದ ಮೇಲೆ ಬಿಟ್ಟಳು. ಮಗು ಅಂಗೈ ಊರಿತು. ನೆಲವನ್ನು ಒಮ್ಮೆ ತಟ್ಟಿ ನೋಡಿತು. ಆಮೇಲೆ ಸರಸರನೆ ಹೊಸಿಲಿನತ್ತ ಬಂದು ಅಜ್ಜಿಯ ಬೆನ್ನು ಹಿಡಿದುಕೊಂಡು ನಿಂತಿತು.

"ಪಂಪು ತನ್ನಿ" ಎಂದಳು ಟಣ್ಣಜ್ಜಿ. "ಅಲ್ಲೀವರೆಗೂ ಆ ಬಕೆಟ್ಟು ಅಲ್ಲೇ ಇರುತ್ತೆ. ಬೇಕಾದ್ರೆ ನೀವೇ ಇಳಿದು, ಕೈ ಹಾಕಿ ತಗೊಳ್ಳಿ. ನಿಮ್ಮ ಆಸ್ತಿ ತಾನೆ?"

"ನಾವಾ?" ಅಧ್ಯಕ್ಷ ಒಂದು ಹೆಜ್ಜೆ ಹಿಂದೆ ಸರಿದ. "ನಾವು ಇಳಿಯೋದಾ? ಅದು ನಿಮ್ಮ ಕೆಲಸ!"

"ನಮಗೆ ಬರಲ್ಲ ಸ್ವಾಮಿ. ನೀವೇ ಹೇಳಿದ್ರಲ್ಲ, ಗೋಡೆ ಆಚೆ ನಮ್ದು, ಬಾವಿ ನಿಮ್ದು." ಅವಳು ಮಗುವಿನ ಕೈಯ ಧೂಳು ಒರೆಸಿದಳು. ಬರೀ ಧೂಳು. "ಹೋಗಿ ನೋಡ್ಕೊಳ್ಳಿ. ಬಕೆಟ್ಟಿನ ಹಿಡಿಕೆ ನಿಮ್ಮ ವಾರ್ಡಲ್ಲೇ ಇದೆ."